ಒಲ್ಲದ ಊಟವೂ ಪ್ರಸಾದವಾಗುವ ಬಗೆ



ಉಣ್ಣುವುದು, ಉಡುವುದು, ದುಡಿಯುವುದು, ನುಡಿಯುವುದು ಇವೆಲ್ಲವೂ ಶಿವನಿಗೆ ಸಲ್ಲತಕ್ಕ ಕ್ರಿಯೆಗಳೆಂದು ಬಗೆದವರು ನಮ್ಮ ಶರಣರು. ಪೂಜೆಗೆ ಒಂದು ಹೊತ್ತು, ಸಂಸಾರಕ್ಕೆ ಉಳಿದ ಹೊತ್ತು ಎಂದು ಅವರು ಬಾಳನ್ನು ಸೀಳಲಿಲ್ಲ. ಆದುದರಿಂದಲೇ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರವೆಂಬ ಅಷ್ಟಾವರಣಗಳಲ್ಲಿ ನಾವು ದಿನವೂ ಉಣ್ಣುವ ಅನ್ನಕ್ಕೂ ಪ್ರಸಾದವೆಂಬ ಹೆಸರಿನಿಂದ ಒಂದು ಸ್ಥಾನವು ದೊರೆತಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳಲ್ಲಿ ಮೂರನೆಯದಕ್ಕೆ ಪ್ರಸಾದಿಸ್ಥಲವೆಂದೇ ಹೆಸರು. ಸಾಧಕನು ಅನ್ನದ ಮೆಟ್ಟಿಲನ್ನು ಹತ್ತದೆ ಪ್ರಾಣಲಿಂಗಿಯಾಗಲಾರನೆಂಬುದು ಇದರ ಇಂಗಿತ.

ಇಷ್ಟನ್ನು ನಾವು ಬಾಯಲ್ಲಿ ಹೇಳುತ್ತೇವೆ. ಎಲೆಯ ಮುಂದೆ ಕುಳಿತಾಗ ಮರೆಯುತ್ತೇವೆ. ಹಬ್ಬದ ದಿನ ಹೋಳಿಗೆ, ತುಪ್ಪ, ಹಾಲು ಮುಂದಿರುವಾಗ ಪ್ರಸಾದಬುದ್ಧಿ ತಾನೇ ಹುಟ್ಟುವುದು. ಅದರಲ್ಲಿ ಸಾಧನೆಯೇನೂ ಇಲ್ಲ. ಹಾಗಲಕಾಯಿಯ ಪಲ್ಯವೋ, ಮೆಂತ್ಯಸೊಪ್ಪಿನ ಸಾರೋ, ಬದನೆಕಾಯಿಯೋ, ಉಪ್ಪುಖಾರ ಕಡಿಮೆಯಾದ ಪಥ್ಯದ ಅನ್ನವೋ ಮುಂದೆ ಬಂದಾಗ ಮೂಗು ಸೊಟ್ಟಗಾಗುವುದಲ್ಲ, ಆ ಗಳಿಗೆಯೇ ಪ್ರಸಾದಿಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಗೆಲ್ಲುವ ಬಗೆ ಹೇಗೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ಪದಾರ್ಥಕ್ಕೂ ಪ್ರಸಾದಕ್ಕೂ ಇರುವ ಭೇದವನ್ನು ಮೊದಲು ತಿಳಿಯತಕ್ಕದ್ದು. ಹೊಲದಲ್ಲಿ ಬೆಳೆದು, ಒಲೆಯ ಮೇಲೆ ಬೆಂದು, ಎಲೆಗೆ ಬಂದದ್ದು ಪದಾರ್ಥ. ಅದನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಹಿಂದಕ್ಕೆ ಪಡೆದಾಗ ಅದು ಪ್ರಸಾದ. ಪದಾರ್ಥದಲ್ಲಿ ಒಳ್ಳೆಯದು, ಕೆಟ್ಟದು, ಸೇರುವುದು, ಸೇರದುದು ಎಂಬ ವಿಭಾಗವಿರಬಹುದು. ಸ್ವಾಮಿಯಿಂದ ಬಂದ ಪ್ರಸಾದದಲ್ಲಿ ಆ ವಿಭಾಗಕ್ಕೆ ಎಡೆಯೆಲ್ಲಿ? ನಮಗೆ ಸೇರುವುದನ್ನಷ್ಟೇ ಆಯ್ದು ಅರ್ಪಿಸಿ, ಸೇರದುದನ್ನು ಎಲೆಯ ಅಂಚಿಗೆ ಸರಿಸಿದರೆ, ನಾವು ಪೂಜಿಸಿದ್ದು ಲಿಂಗವನ್ನೋ, ನಮ್ಮ ಚಪಲವನ್ನೋ ಎಂದು ಕೇಳಿಕೊಳ್ಳಬೇಕಾಗುವುದು.

ಷಟ್‌ಸ್ಥಲಶಾಸ್ತ್ರದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಮಾತಿದೆ. ಆರು ಲಿಂಗಗಳಿಗೆ ಆರು ಮುಖಗಳನ್ನು ಅಲ್ಲಿ ಹೇಳಿದೆ. ಘ್ರಾಣವು ಆಚಾರಲಿಂಗದ ಮುಖ, ಜಿಹ್ವೆಯು ಗುರುಲಿಂಗದ ಮುಖ, ನೇತ್ರವು ಶಿವಲಿಂಗದ ಮುಖ, ತ್ವಕ್ಕು ಜಂಗಮಲಿಂಗದ ಮುಖ, ಶ್ರೋತ್ರವು ಪ್ರಸಾದಲಿಂಗದ ಮುಖ, ಹೃದಯವು ಮಹಾಲಿಂಗದ ಮುಖ. ನಾಲಗೆಗೆ ಬಂದ ರುಚಿಯು ಗುರುಲಿಂಗಕ್ಕೆ ಸಲ್ಲತಕ್ಕದ್ದು. ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಗುರುವೆಂದರೆ ತಿದ್ದುವವನು, ಅರಿಯದುದನ್ನು ಅರುಹುವವನು. ಆ ಗುರುವು ನಾಲಗೆಯ ತುದಿಯಲ್ಲಿ ನೆಲಸಿರುವನೆಂದ ಮೇಲೆ ನಾಲಗೆಯು ಶಿಷ್ಯನಾಯಿತು. ಹುಟ್ಟಿದಾಗ ಅದು ಏನನ್ನು ಬಲ್ಲುದೋ ಅಷ್ಟರಲ್ಲೇ ನಿಲ್ಲಬೇಕೆಂಬ ನಿಯಮವಿಲ್ಲ. ಶಿಷ್ಯನು ಕಲಿಯಬಲ್ಲನು.

"ಸ್ವಾಮಿ, ಸೇರದುದು ಸೇರದು. ಅದು ದೇಹಧರ್ಮ. ಅದಕ್ಕೆ ನಾವೇನು ಮಾಡೋಣ?" ಎಂದು ಕೆಲವರು ಕೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಸುಳೆಯ ತುಟಿಗೆ ಸಿಹಿಯನ್ನು ಮುಟ್ಟಿಸಿದರೆ ಅದು ಚಪ್ಪರಿಸುವುದು. ಕಹಿಯನ್ನು ಮುಟ್ಟಿಸಿದರೆ ಮುಖವನ್ನು ಕಿವುಚುವುದು. ಅದಕ್ಕೆ ಯಾರೂ ಕಲಿಸಿಲ್ಲ. ಕಾಡಿನ ಅನೇಕ ವಿಷಸಸ್ಯಗಳು ಕಹಿಯಾಗಿರುವುದರಿಂದ ಪ್ರಕೃತಿಯು ಬಾಯಿಯ ಬಾಗಿಲಲ್ಲಿ ಈ ಕಾವಲನ್ನಿಟ್ಟಿದೆ. ಎಲ್ಲರ ನಾಲಗೆಯೂ ಒಂದೇ ಸಮನಾಗಿಯೂ ಇಲ್ಲ. 1931ರಲ್ಲಿ ಅಮೆರಿಕೆಯ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಎಂಬಾತನ ಪ್ರಯೋಗಶಾಲೆಯಲ್ಲಿ ಒಂದು ಪುಡಿಯು ಗಾಳಿಗೆ ಹಾರಿದಾಗ, ಹತ್ತಿರವಿದ್ದವನು ಬಾಯೆಲ್ಲ ಕಹಿಯಾಯಿತೆಂದನು. ಫಾಕ್ಸನಿಗೆ ಯಾವ ರುಚಿಯೂ ತಿಳಿಯಲಿಲ್ಲ. ಅಂತಹ ಭೇದವು ವಂಶದಿಂದ ಬರುವುದೆಂದು ಮುಂದೆ ಗೊತ್ತಾಯಿತು. ಆದಕಾರಣ ಹಾಗಲಕಾಯಿಯನ್ನು ಕಂಡು ಅಳುವ ಮಗುವನ್ನು ಹಟಮಾರಿಯೆಂದು ಹೊಡೆಯುವುದು ಅನ್ಯಾಯ. ತಂದೆಗೆ ತಿಳಿಯದ ಕಹಿಯು ಆ ಮಗುವಿಗೆ ತಿಳಿಯುತ್ತಿರಬಹುದು.

ಉಳಿದ ಅರ್ಧ ಸತ್ಯವನ್ನೂ ನೋಡೋಣ. ಕಾಫಿಯ ಕಷಾಯವು ಸಿಹಿಯೇ? ಮೊದಲ ಬಾರಿ ಬರಿಯ ಕಷಾಯವನ್ನು ಕುಡಿದ ಬಾಲಕನು ಉಗುಳುವನು. ಅದೇ ಬಾಲಕನು ಮೂವತ್ತನೆಯ ವಯಸ್ಸಿನಲ್ಲಿ ಅದಿಲ್ಲದೆ ಹಾಸಿಗೆಯಿಂದ ಏಳಲಾರನು. ಅಡಿಕೆಯು ಒಗರು, ಸುಣ್ಣವು ಚುರುಕು, ಎಲೆಯು ಖಾರ. ಮೂರೂ ಕೂಡಿದ ತಾಂಬೂಲವು ನಮಗೆ ಮಂಗಳದ್ರವ್ಯ. ಮೆಣಸಿನಕಾಯಿಯ ಮಾತನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅದು ಅಮೆರಿಕ ಖಂಡದ ಗಿಡ. ಪೋರ್ತುಗೀಜರು ಈ ದೇಶಕ್ಕೆ ಬಂದ ಮೇಲೆ, ಸುಮಾರು ಐದುನೂರು ವರ್ಷಗಳ ಈಚೆಗೆ, ಅದು ನಮ್ಮ ನೆಲದಲ್ಲಿ ಬೇರೂರಿತು. ಆಲೂಗಡ್ಡೆ, ಟೊಮೇಟೊ, ಮೆಕ್ಕೆಜೋಳ, ಶೇಂಗಾ ಇವೆಲ್ಲವೂ ಅದೇ ಖಂಡದಿಂದ ಬಂದವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿ, ಮೆಣಸಿನಕಾಯಿಯ ಖಾರವಿರಲಿಲ್ಲ, ಶೇಂಗಾದ ಚಟ್ನಿಯಿರಲಿಲ್ಲ. ಖಾರಕ್ಕೆ ಕರಿಮೆಣಸು ಇದ್ದಿತು. ಇಂದು ಜೋಳದ ರೊಟ್ಟಿಗೆ ಕೆಂಪುಖಾರವೂ ಶೇಂಗಾಹಿಂಡಿಯೂ ಇಲ್ಲದಿದ್ದರೆ ಊಟವೇ ಅಲ್ಲವೆನ್ನುತ್ತೇವೆ. ನಾಲಗೆಯನ್ನು ಸುಡುವ ಹೊರದೇಶದ ಕಾಯನ್ನು ಒಂದು ನಾಡೇ ಪ್ರೀತಿಸಲು ಕಲಿತಿರುವಾಗ, ಹಿತ್ತಲಿನ ಹೀರೆಕಾಯಿಯನ್ನು ಪ್ರೀತಿಸಲು ಒಬ್ಬ ಮನುಷ್ಯನು ಕಲಿಯಲಾರನೆ? "ನನಗೆ ಸೇರದು" ಎಂಬ ಮಾತಿಗೆ "ನಾನು ಇನ್ನೂ ಕಲಿತಿಲ್ಲ" ಎಂದೇ ಬಹಳ ಮಟ್ಟಿಗೆ ಅರ್ಥ.

ಇಲ್ಲಿ ವಿವೇಕವೂ ಇರಬೇಕು. ಹಾಗಲಕಾಯಿಯ ಕಹಿಯು ಅದರ ಸ್ವಭಾವ. ಸೋರೆಕಾಯಿ, ಸೌತೆಕಾಯಿ, ಹೀರೆಕಾಯಿಗಳು ಅಕಸ್ಮಾತ್ತಾಗಿ ಕಹಿಯಾಗಿದ್ದರೆ ಅದು ವಿಷದ ಗುರುತು. ಕಹಿ ಸೋರೆಕಾಯಿಯ ರಸವನ್ನು ಆರೋಗ್ಯಕ್ಕೆಂದು ಕುಡಿದು ಪ್ರಾಣವನ್ನು ಕಳೆದುಕೊಂಡವರುಂಟು. ಅಂತಹುದನ್ನು ಕೂಡಲೇ ಎಸೆಯತಕ್ಕದ್ದು. ಹಳಸಿದುದು, ವೈದ್ಯರು ಬೇಡವೆಂದುದು, ತಿಂದರೆ ಮೈಮೇಲೆ ದದ್ದು ಏಳಿಸುವಂತಹುದು, ಆಚಾರಕ್ಕೆ ಹೊರಗಾದುದು ಇವು ನಮ್ಮ ವಿಚಾರಕ್ಕೆ ಸೇರಿದವಲ್ಲ. ದೇಹವು ದೇವಾಲಯವೆಂದ ಮೇಲೆ ಅದಕ್ಕೆ ಕೇಡುಮಾಡುವುದು ಅರ್ಪಣವಾಗಲಾರದು. ಶುದ್ಧವೂ ಹಿತವೂ ಆಗಿದ್ದು, ಕೇವಲ ನಮ್ಮ ನಾಲಗೆಗೆ ಒಗ್ಗದಿರುವ ಆಹಾರದ ಮಾತನ್ನಷ್ಟೇ ಇಲ್ಲಿ ಆಡುತ್ತಿದ್ದೇವೆ.

ನಾಲಗೆಯ ಚಪಲವು ಅಷ್ಟು ದೊಡ್ಡ ದೋಷವೇ ಎಂದು ಕೇಳಬಹುದು. ಅದಕ್ಕೆ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ಒಬ್ಬ ಗೃಹಸ್ಥನಿದ್ದನು; ನಿತ್ಯವೂ ಲಿಂಗಪೂಜೆ ಮಾಡುವವನು, ಬೇರಾವ ದುರ್ಗುಣವೂ ಇಲ್ಲದವನು. ಊಟಕ್ಕೆ ಕುಳಿತರೆ ಮಾತ್ರ ಇದು ಬೇಡ, ಅದು ಸೇರದು, ಈ ವಾಸನೆ ಆಗದು ಎನ್ನುತ್ತಿದ್ದನು. ಹೆಂಡತಿಯು ಎದುರಾಡುವವಳಲ್ಲ. ಅವನು ಒಲ್ಲೆನೆಂದ ಒಂದೊಂದನ್ನೇ ಆಕೆಯು ಅಡುಗೆಮನೆಯಿಂದ ಹೊರಗಿಟ್ಟಳು. ಕಡೆಗೆ ನಾಲ್ಕೈದು ಪದಾರ್ಥಗಳಷ್ಟೇ ಉಳಿದವು. ಮಕ್ಕಳೂ ತಂದೆಯಂತೆಯೇ ತಟ್ಟೆಯನ್ನು ತಳ್ಳುವುದನ್ನು ಕಲಿತರು. ಇಪ್ಪತ್ತು ವರ್ಷಗಳ ಮೇಲೆ ಅವನಿಗೆ ಸಕ್ಕರೆ ರೋಗವು ಕಾಣಿಸಿಕೊಂಡಿತು. ವೈದ್ಯರು ಬಿಡಬೇಕೆಂದವೆಲ್ಲ ಅವನಿಗೆ ಪ್ರಿಯವಾದವು, ತಿನ್ನಬೇಕೆಂದವೆಲ್ಲ ಅವನು ಒಲ್ಲದವು. ಆ ರಾತ್ರಿ ಆಕೆಯು ಮೆಂತ್ಯಸೊಪ್ಪಿನ ಪಲ್ಯವನ್ನು ಬಡಿಸಿದಳು. ಅವನು ಕಷ್ಟದಿಂದ ಎರಡು ತುತ್ತನ್ನು ಉಂಡು ತಲೆಯೆತ್ತಿದಾಗ, ಆಕೆಯು ಅದೇ ಪಲ್ಯವನ್ನು ಹಬ್ಬದೂಟದಂತೆ ಸವಿಯುತ್ತಿದ್ದಳು.

"ನಿನಗೆ ಇದು ಇಷ್ಟವೆ?" ಎಂದು ಅವನು ಕೇಳಿದನು.

"ತವರಿನಲ್ಲಿ ವಾರಕ್ಕೆ ಎರಡು ಸಲ ಮಾಡುತ್ತಿದ್ದರು. ನಿಮಗೆ ಸೇರದೆಂದು ಇಲ್ಲಿ ಬಿಟ್ಟೆ" ಎಂದಳು ಆಕೆ.

ಇಪ್ಪತ್ತು ವರ್ಷ! ಒಬ್ಬನ ನಾಲಗೆಯು ಹಾಕಿದ ಬೇಲಿಯೊಳಗೆ ಇಡೀ ಮನೆಯು ಸೆರೆಯಾಗಿದ್ದಿತು. ಅದು ಅವನಿಗೆ ತಿಳಿಯಲೇ ಇಲ್ಲ. ಸೊಸೆಯಾಗಿ ಬಂದ ಹೆಣ್ಣುಮಗಳು ಅತ್ತೆಯ ಮನೆಯ ಊಟವನ್ನು ಕಲಿಯಬೇಕೆಂದು ಎಲ್ಲರೂ ಹೇಳುತ್ತಾರೆ. ರೊಟ್ಟಿಯ ನಾಡಿನವಳು ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗಲು ಕಲಿಯುತ್ತಾಳೆ. ಮುದ್ದೆಯ ನಾಡಿನವಳು ರೊಟ್ಟಿಯನ್ನು ತಟ್ಟಲು ಕಲಿಯುತ್ತಾಳೆ. ಆಕೆಯ ತವರಿನ ಒಂದು ಅಡುಗೆಯನ್ನಾದರೂ ಗಂಡನೂ ಅತ್ತೆಮಾವಂದಿರೂ ಸವಿಯಲು ಕಲಿತರೇ ಎಂದು ಕೇಳುವವರು ವಿರಳ. ಕಲಿಕೆಯು ಒಂದೇ ಕಡೆಯ ಸಾಲವಾದರೆ ಅದು ದಾಂಪತ್ಯವಲ್ಲ. ದಾಸೋಹಭಾವವು ನಮ್ಮ ಅಡುಗೆಮನೆಯಿಂದಲೇ ಮೊದಲಾಗಬೇಕು.

ದೋಷವು ಮನೆಯಲ್ಲಿಯೇ ನಿಲ್ಲುವುದಿಲ್ಲ. ಅನ್ನದ ಮೇಲಿನ ಹೇಸಿಗೆಯು ಆ ಅನ್ನವನ್ನು ಉಣ್ಣುವವರ ಮೇಲಿನ ಹೇಸಿಗೆಯಾಗಿ ತಿರುಗುವುದು ಬಹು ಸುಲಭ. ಮಾದಾರ ಚೆನ್ನಯ್ಯನ ಕಥೆಯು ನಿಮಗೆಲ್ಲ ತಿಳಿದದ್ದೇ. ಚೋಳರಾಜನ ಲಾಯದ ಕುದುರೆಗಳಿಗೆ ಹುಲ್ಲು ತರುವ ಕಾಯಕದವನು ಆತ. ಅರಸನ ಅರಮನೆಯ ಮೃಷ್ಟಾನ್ನವನ್ನು ಬಿಟ್ಟು ಶಿವನು ಆ ಚೆನ್ನಯ್ಯನ ಗುಡಿಸಲಿನ ಅಂಬಲಿಯನ್ನು ಸವಿದನೆಂದು ನಮ್ಮ ಪರಂಪರೆಯು ಹೇಳುತ್ತದೆ. ಬಸವಣ್ಣನವರು ಆ ಚೆನ್ನಯ್ಯನನ್ನು ತಮ್ಮ ಬಂಧುವೆಂದು ಹೇಳಿಕೊಂಡು ಹೆಮ್ಮೆಪಟ್ಟರು. ಅಂಬಲಿಯನ್ನು ಕಂಡು ಮುಖ ತಿರುಗಿಸುವವನು ಚೆನ್ನಯ್ಯನ ಮನೆಯ ಹೊಸ್ತಿಲನ್ನು ಹೇಗೆ ದಾಟಿಯಾನು? ಬಡವನ ಮನೆಗೆ ಹೋಗಿ ಅವನು ಬಡಿಸಿದ್ದನ್ನು ಮುಟ್ಟದೆ ಎದ್ದು ಬಂದರೆ, ಅವನ ಭಕ್ತಿಯನ್ನೂ ದುಡಿಮೆಯನ್ನೂ ಎಲೆಯ ಮೇಲೆ ಬಿಟ್ಟು ಬಂದಂತೆಯೇ ಸರಿ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ರಾಗಿ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು ಇವು ನಮ್ಮ ಹಿರಿಯರನ್ನು ಬರಗಾಲಗಳಲ್ಲಿ ಕಾಪಾಡಿದ ಧಾನ್ಯಗಳು. ಬಿಳಿಯ ಅಕ್ಕಿಯು ಸುಲಭವಾಗಿ ಕೈಗೆ ಸಿಕ್ಕಿದ ಮೇಲೆ ಇವು ಬಡವರ ತಿನಿಸೆಂದು ಅನೇಕ ಮನೆಗಳಿಂದ ಹೊರಬಿದ್ದವು. ಅಜ್ಜಿಯು ಪ್ರೀತಿಯಿಂದ ಉಂಡ ನವಣೆಯ ಅನ್ನವನ್ನು ಮೊಮ್ಮಗನು ಗಂಟಲಿಗೆ ಇಳಿಯದೆಂದನು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಈಗ ಅದೇ ಮೊಮ್ಮಗನು ಪಟ್ಟಣದ ಅಂಗಡಿಯಲ್ಲಿ ಅದೇ ನವಣೆಯನ್ನು ಅಂದದ ಪೊಟ್ಟಣದಲ್ಲಿ ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾನೆ. ಕಾಳು ಬದಲಾಗಲಿಲ್ಲ, ಗಂಟಲೂ ಬದಲಾಗಲಿಲ್ಲ; ಬದಲಾದದ್ದು ಮನಸ್ಸು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಹೀಗೆ ದಿನವೂ ನಿಜಮಾಡುತ್ತಿದ್ದೇವೆ.

ಇನ್ನು ಕಲಿಯುವ ಬಗೆಯನ್ನು ಹೇಳೋಣ.

ಮೊದಲನೆಯ ಗುರುವು ಹಸಿವು. ಹೊತ್ತುಹೊತ್ತಿಗೆ ಕುರುಕಲು ತಿಂದು ಹೊಟ್ಟೆಯನ್ನು ತುಂಬಿಕೊಂಡವನಿಗೆ ಅಮೃತವೂ ಸಪ್ಪೆ. ಕಾಯಕದಲ್ಲಿ ಬೆವರಿ, ಕಾದು, ಹಸಿದು ಕುಳಿತಾಗ ಒಲ್ಲದುದನ್ನು ಮೊದಲ ತುತ್ತಾಗಿ ತೆಗೆದುಕೊಳ್ಳತಕ್ಕದ್ದು. ಆ ಹೊತ್ತಿನಲ್ಲಿ ನಾಲಗೆಯು ವಾದ ಮಾಡುವುದಿಲ್ಲ.

ಎರಡನೆಯದು ಅಲ್ಪತ್ವ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದು, ತಟ್ಟೆಯನ್ನು ತೊಳೆದು ಕುಡಿಯಬೇಕು ಎಂಬ ನಿಯಮವು ನಮ್ಮ ಹಿರಿಯರಲ್ಲಿ ಕಟ್ಟುನಿಟ್ಟಾಗಿದ್ದಿತು. ಬಿಡಬಾರದೆಂದ ಮೇಲೆ ಬೇಕಾದಷ್ಟನ್ನೇ ಬಡಿಸಿಕೊಳ್ಳುವ ಎಚ್ಚರವು ತಾನೇ ಬರುವುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನು ಆತನನ್ನು ಹಿಂದಕ್ಕೆ ಕಳುಹಿಸಿದಳಲ್ಲವೆ? ಆ ಅಳತೆಯೇ ಇಲ್ಲಿಯೂ ಬೇಕು. ಒಲ್ಲದ ಪಲ್ಯವನ್ನು ನೆಲ್ಲಿಕಾಯಿ ಗಾತ್ರದಷ್ಟೇ ಬಡಿಸಿಕೊಂಡು, ಅಷ್ಟನ್ನು ಪೂರ್ತಿಯಾಗಿ ಮುಗಿಸಬೇಕು.

ಮೂರನೆಯದು ಅಭ್ಯಾಸ. ಒಂದು ಸಲ ತಿಂದು ಆಗದೆಂದು ಬಿಡುವುದು, ಒಂದು ದಿನ ಓದಿ ವಿದ್ಯೆ ಬಾರದೆಂದು ಪುಸ್ತಕವನ್ನು ಮುಚ್ಚಿದಂತೆ. ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಲೀನ್ ಬರ್ಚ್ ಎಂಬಾಕೆಯು 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವರ್ಷದ ಮಕ್ಕಳು ಹೊಸ ತಿನಿಸನ್ನು ಎಷ್ಟು ಹೆಚ್ಚು ಬಾರಿ ಸವಿದರೋ ಅಷ್ಟು ಹೆಚ್ಚಾಗಿ ಅದನ್ನು ಬಯಸಿದರೆಂದು ಕಂಡುಬಂದಿತು. ನೋಡಿದರೆ ಸಾಲದು, ನಾಲಗೆಗೆ ಮುಟ್ಟಬೇಕೆಂಬುದೂ ಮುಂದಿನ ಪ್ರಯೋಗದಲ್ಲಿ ತಿಳಿಯಿತು. ಹತ್ತು ಹದಿನೈದು ಬಾರಿಯಾದರೂ ಕೊಟ್ಟು ನೋಡದೆ ಮಗುವಿಗೆ ಇದು ಸೇರದೆಂದು ತೀರ್ಮಾನಿಸಬಾರದು.

ನಾಲ್ಕನೆಯದು ಸಂಗ. ಕಹಿಯನ್ನು ಪ್ರಿಯವಾದುದರ ಜೊತೆಗೆ ಕೂಡಿಸಬೇಕು. ಹಾಗಲಕಾಯಿಯ ಹೋಳಿಗೆ ಉಪ್ಪು ಸವರಿ ಸ್ವಲ್ಪ ಹೊತ್ತು ಬಿಟ್ಟು ಹಿಂಡಿದರೆ ಅರ್ಧ ಕಹಿಯು ನೀರಾಗಿ ಹೋಗುವುದು. ಉಪ್ಪಿಗೆ ಕಹಿಯನ್ನು ತಗ್ಗಿಸುವ ಗುಣವೂ ಇದೆ. ಅದಕ್ಕೆ ಹುಣಸೆಯ ಹುಳಿ, ಬೆಲ್ಲ, ಎಳ್ಳಿನ ಪುಡಿ ಸೇರಿ ಗೊಜ್ಜಾದಾಗ, ಬೇಡವೆಂದವನೇ ಇನ್ನೊಂದು ಸೌಟನ್ನು ಕೇಳುವನು. ಮೆಂತ್ಯಸೊಪ್ಪನ್ನು ಹೆಚ್ಚಿ ಹಿಟ್ಟಿನಲ್ಲಿ ಕಲಸಿ ರೊಟ್ಟಿ ಮಾಡಬಹುದು. ಯುಗಾದಿಯ ದಿನ ಬೇವನ್ನು ಬೆಲ್ಲದೊಡನೆ ಕೊಡುವ ಸಂಪ್ರದಾಯದಲ್ಲಿಯೂ ಈ ಜಾಣ್ಮೆಯಿದೆ. ಸತ್ಸಂಗದಿಂದ ದುರ್ಜನನೂ ಸಜ್ಜನನಾಗುವಂತೆ ಬೆಲ್ಲದ ಸಂಗದಿಂದ ಬೇವು ಬಾಯಿಗೆ ಒಗ್ಗುವುದು. ದಿನಗಳೆದಂತೆ ಬೆಲ್ಲವನ್ನು ಕಡಿಮೆಮಾಡುತ್ತ ಬರಬಹುದು.

ಐದನೆಯದು ಪಂಕ್ತಿ. ಹಿರಿಯರು ಸಂತೋಷದಿಂದ ಉಣ್ಣುವುದನ್ನು ಕಂಡು ಮಕ್ಕಳು ಉಣ್ಣಲು ಕಲಿಯುತ್ತಾರೆ. ಗರ್ಭಿಣಿಯು ಉಂಡ ಆಹಾರದ ಪರಿಮಳವು ಗರ್ಭಸ್ಥ ಶಿಶುವಿಗೂ ತಲಪುವುದೆಂದು ಇಂದಿನ ವಿಜ್ಞಾನವು ಹೇಳುತ್ತಿದೆ. ತಾಯಿಯ ಎಲೆಯೇ ಮಗುವಿನ ಮೊದಲ ಪಾಠಶಾಲೆ. ಬೈದು, ಹೆದರಿಸಿ, ಪಲ್ಯವನ್ನು ತಿಂದರೆ ಮಿಠಾಯಿ ಕೊಡುವೆನೆಂದು ಆಸೆ ತೋರಿಸಿ ತಿನ್ನಿಸಿದರೆ, ಪಲ್ಯವು ಶಿಕ್ಷೆಯೆಂದೂ ಮಿಠಾಯಿಯೇ ದೇವರೆಂದೂ ಮಗುವು ತಿಳಿಯುವುದು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ, 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಬೆಳೆಸಿದ ದಾಸೋಹವನ್ನು ಕಂಡವರಿಗೆ ಪಂಕ್ತಿಯ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಬೇರೆ ಬೇರೆ ಜಾತಿಗಳ ಸಾವಿರಾರು ವಿದ್ಯಾರ್ಥಿಗಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಅನ್ನವನ್ನು ಉಣ್ಣುತ್ತಾರೆ. ಆ ಸಾಲಿನಲ್ಲಿ ಪಕ್ಕದವನು ಸವಿಯುತ್ತಿರುವುದನ್ನು ನಾನು ಮಾತ್ರ ತಳ್ಳುವೆನೆಂಬ ಅಹಂಕಾರಕ್ಕೆ ಜಾಗವೇ ಇಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಒಲ್ಲದುದನ್ನು ಹಲ್ಲು ಕಚ್ಚಿ ನುಂಗಿ, ನಾನು ಜಿಹ್ವೆಯನ್ನು ಗೆದ್ದೆನೆಂದು ಬೀಗುವವನು ಪ್ರಸಾದಿಯಲ್ಲ. ಅವನು ಚಪಲವನ್ನು ಬಿಟ್ಟು ಗರ್ವವನ್ನು ಹಿಡಿದನಷ್ಟೆ. ಶರಣರು ಇಂದ್ರಿಯಗಳನ್ನು ಕೊಲ್ಲಲು ಹೇಳಲಿಲ್ಲ. ಅವುಗಳನ್ನು ಲಿಂಗಮುಖವಾಗಿ ತಿರುಗಿಸಲು ಹೇಳಿದರು. ರುಚಿಯೇ ತಿಳಿಯದ ನಾಲಗೆಯಿಂದ ಗುರುಲಿಂಗಕ್ಕೆ ಅರ್ಪಿಸುವುದಾದರೂ ಏನನ್ನು? ಆದುದರಿಂದ ಸಹಿಸುವುದಷ್ಟೇ ಸಾಲದು, ಸವಿಯಬೇಕು. ನೆಲ್ಲಿಕಾಯಿಯನ್ನು ಅಗಿದಾಗ ಮೊದಲು ಹುಳಿ, ಅನಂತರ ಒಗರು. ಅದರ ಮೇಲೆ ಒಂದು ಗುಟುಕು ನೀರು ಕುಡಿದರೆ ಆ ಬರಿಯ ನೀರೇ ಸಿಹಿ. ಅವಸರದಲ್ಲಿ ಉಗುಳಿದವನಿಗೆ ಆ ಸಿಹಿಯು ದೊರೆಯದು. ಕಹಿಯೊಳಗೆ, ಒಗರಿನೊಳಗೆ ಏನೋ ಒಂದು ಗುಣವನ್ನು ಶಿವನು ಇಟ್ಟಿದ್ದಾನೆ; ಅದು ಸಿಗುವವರೆಗೆ ನಿಧಾನವಾಗಿ ಅಗಿಯುವುದೇ ಸಾಧನೆ. ಈ ಅಭ್ಯಾಸವು ಎಲೆಯ ಮುಂದೆ ಸಿದ್ಧಿಸಿದವನಿಗೆ ಬಾಳಿನ ಇತರ ಕಹಿಗಳೂ ಅಷ್ಟು ಕಠಿಣವಾಗಿ ತೋರವು. ಒಗ್ಗದ ನೆರೆಯವನು, ಮನಸ್ಸಿಗೆ ಹಿಡಿಸದ ಕೆಲಸ, ಹಿತವನ್ನು ಹೇಳುವ ಕಟುವಾದ ಮಾತು ಇವುಗಳ ಎದುರಿನಲ್ಲಿಯೂ ಅವನು ತಟ್ಟೆಯನ್ನು ತಳ್ಳಿ ಏಳುವುದಿಲ್ಲ.

ಭಕ್ತರೇ, ದೊಡ್ಡ ವ್ರತವನ್ನೇನೂ ನಾವು ಕೇಳುವುದಿಲ್ಲ. ಈ ತಿಂಗಳು ಪ್ರತಿಯೊಬ್ಬರೂ ತಮಗೆ ಸೇರದ ಒಂದು ಶುದ್ಧವಾದ ಪದಾರ್ಥವನ್ನು ಆರಿಸಿಕೊಳ್ಳಿರಿ. ಅದು ಮನೆಯಲ್ಲಿ ಇನ್ನೊಬ್ಬರಿಗೆ ಪ್ರಿಯವಾದುದಾಗಿದ್ದರೆ ಮತ್ತೂ ಒಳ್ಳೆಯದು. ಎರಡು ಮೂರು ದಿನಕ್ಕೊಮ್ಮೆ ಅದನ್ನು ಒಂದು ತುತ್ತಿನಷ್ಟು ಲಿಂಗಕ್ಕೆ ಅರ್ಪಿಸಿ, ಹಸಿದ ಹೊತ್ತಿನಲ್ಲಿ, ಮಾತಿಲ್ಲದೆ, ನಿಧಾನವಾಗಿ ಸವಿಯಿರಿ. ಬಡಿಸಿದ ಕೈಯನ್ನು, ಬೆಳೆದ ಕೈಯನ್ನು ಒಂದು ಕ್ಷಣ ನೆನೆಯಿರಿ. ಅಡುಗೆ ಮಾಡಿದವರನ್ನು ಊಟಕ್ಕೆ ಮೊದಲು ಒಮ್ಮೆ ಕೇಳಿರಿ: "ನಿನಗೆ ಯಾವುದು ಇಷ್ಟ?" ಆ ಒಂದು ಪ್ರಶ್ನೆಯಿಂದ ಎಷ್ಟೋ ಮನೆಗಳಲ್ಲಿ ಎಷ್ಟೋ ವರ್ಷಗಳ ಮೌನವು ಕರಗೀತು.

ನಿಮ್ಮ ಮನೆಯ ಪ್ರತಿಯೊಂದು ತುತ್ತೂ ಪ್ರಸಾದವಾಗಲಿ. ನಿಮ್ಮ ನಾಲಗೆಯಲ್ಲಿ ಗುರುಲಿಂಗವು ನಿತ್ಯವೂ ನೆಲಸಲಿ. ಬಡವನ ಅಂಬಲಿಯಲ್ಲಿಯೂ ಅರಮನೆಯ ಪಾಯಸದಲ್ಲಿಯೂ ಒಂದೇ ಶಿವನ ಕರುಣೆಯನ್ನು ಸವಿಯುವ ಭಾಗ್ಯವು ನಿಮಗೆಲ್ಲರಿಗೂ ದೊರೆಯಲಿ ಎಂದು ಹಾರೈಸುತ್ತೇವೆ.

ಓಂ ನಮಃ ಶಿವಾಯ.